ಬಾತ್ ಊರಿನ ರಾಯಲ್ ಕ್ರೆಸೆಂಟ್: ಮುಂದೆ ಒಂದು ಅರಮನೆ, ಹಿಂದೆ ಮೂವತ್ತು ಮನೆ. ಇದು ಮೋಸ ಅಲ್ವಾ?

ತುಂಗಾತೀರ

ಇಂಗ್ಲೆಂಡಿನ ಬಾತ್ ಊರಿನ ರಾಯಲ್ ಕ್ರೆಸೆಂಟ್ ಬಗ್ಗೆ ನನ್ನದೊಂದು ತಕರಾರಿದೆ. ಇಲ್ಲಿ ಕಟ್ಟಡದ ಕೆಲಸ ಗೊತ್ತಿರುವವರು ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ಹುಲ್ಲುಹಾಸಿನ ಕಡೆಯಿಂದ ನೋಡಿದರೆ ಅದು ಒಂದೇ ಕಟ್ಟಡ. ಸುಮಾರು 150 ಮೀಟರ್ ಉದ್ದದ ಕಲ್ಲಿನ ಮುಖ, ಅರ್ಧಚಂದ್ರದ ಹಾಗೆ ಒಳಕ್ಕೆ ಬಾಗಿದೆ. ಕ್ರೆಸೆಂಟ್ ಅಂದರೆ ಅದೇ ಆಕಾರ. ಉದ್ದಕ್ಕೂ 114 ಅಯಾನಿಕ್ ಕಂಬಗಳು, ಅಂದರೆ ತಲೆಯಲ್ಲಿ ಸುರುಳಿ ಇರುವ ಗ್ರೀಕ್ ಮಾದರಿಯವು. ಯಾರೋ ದೊಡ್ಡ ದೊರೆ ತನಗಾಗಿ ಕಟ್ಟಿಸಿಕೊಂಡ ಹಾಗೆ ಕಾಣುತ್ತದೆ. ಆದರೆ ಅಲ್ಲಿರುವುದು 30 ಬೇರೆ ಬೇರೆ ಮನೆಗಳು, ನಡುಗೋಡೆ ಹಂಚಿಕೊಂಡ ಸಾಲುಮನೆಗಳು. ಕಿರಿಯ ಜಾನ್ ವುಡ್ ಎಂಬ ವಾಸ್ತುಶಿಲ್ಪಿ ಮಾಡಿದ ನಕ್ಷೆ, ಅವರ ಅಪ್ಪನ ಹೆಸರೂ ಜಾನ್ ವುಡ್. 1767ರಲ್ಲಿ ಶುರುವಾಗಿ 1770ರ ದಶಕದ ನಡುವೆ ಮುಗಿದದ್ದು.

ಹಿಂದಿನ ಕಡೆಗೆ ಹೋಗಿ ನೋಡಿದೆ. ಒಬ್ಬರ ಹಿಂಗೋಡೆ ಮುಂದಕ್ಕೆ ಬಂದಿದೆ, ಪಕ್ಕದವರದು ಒಳಗೆ ಸರಿದಿದೆ. ಕಿಟಕಿಗಳು ಒಂದು ಸಾಲಿಗೆ ಬರುವುದಿಲ್ಲ. ಚಾವಣಿಯ ಎತ್ತರ ಮನೆಗೊಂದು ಥರ. ಪೈಪುಗಳು ಗೋಡೆ ತುಂಬಾ ಹರಿದಾಡಿವೆ. ಮುಂದೆ ನುಣುಪಾಗಿ ಕಡಿದ ಕಲ್ಲು, ಹಿಂದೆ ಒರಟು ಕಲ್ಲು.

ಇದನ್ನು ಒಳ್ಳೆಯ ವಾಸ್ತುಶಿಲ್ಪ ಅನ್ನಬೇಕಾ, ಒಳ್ಳೆಯ ನಾಟಕದ ಪರದೆ ಅನ್ನಬೇಕಾ?

ಸುಣ್ಣಗಾರೆ

ಮೋಸ ಅನ್ನುವ ಮೊದಲು ಯಾರಿಗೆ ಮೋಸ ಅಂತ ಕೇಳಬೇಕು. ಕೊಂಡವರಿಗೆ ಎಲ್ಲವೂ ಗೊತ್ತಿತ್ತು.

ಅಲ್ಲಿ ನಡೆದ ಕ್ರಮ ಹೀಗೆ. ವುಡ್ ಮಾಡಿದ್ದು ಮುಖದ ನಕ್ಷೆ. ಕೊಳ್ಳುವವರು ಆ ಮುಖದ ಒಂದೊಂದು ತುಂಡನ್ನು ಹಿಡಿದುಕೊಂಡರು. ಆ ತುಂಡನ್ನು ನಕ್ಷೆಯ ಪ್ರಕಾರವೇ ಕಟ್ಟಬೇಕು. ಕಂಬದ ದಪ್ಪ, ಕಿಟಕಿಯ ಸಾಲು, ಕಂಬಗಳ ಮೇಲೆ ಅಡ್ಡಲಾಗಿ ಓಡುವ ಕಲ್ಲಿನ ತೊಲೆಪಟ್ಟಿಯ ಎತ್ತರ, ಯಾವುದನ್ನೂ ಅಲ್ಲಾಡಿಸುವ ಹಾಗಿಲ್ಲ. ಅದರ ಹಿಂದೆ ಅವರವರ ಮೇಸ್ತ್ರಿ, ಅವರವರ ದುಡ್ಡು, ಅವರವರ ಅನುಕೂಲ. ಒಬ್ಬರಿಗೆ ದೊಡ್ಡ ಮೆಟ್ಟಿಲು ಬೇಕು, ಇನ್ನೊಬ್ಬರಿಗೆ ಹಿಂದೊಂದು ಸಣ್ಣ ಕೋಣೆ ಜಾಸ್ತಿ ಬೇಕು. ನೀವು ಹಿಂದೆ ನೋಡಿದ್ದು ಆ ಮೂವತ್ತು ನಿರ್ಧಾರಗಳನ್ನು.

ಇನ್ನು ಪರದೆ ಅನ್ನುವ ಮಾತು. ಪರದೆ ಏನನ್ನೂ ಹೊರುವುದಿಲ್ಲ. ಇದು ಭಾರ ಹೊರುವ ಕಲ್ಲಿನ ಗೋಡೆ. ಕಂಬಗಳು ಆ ಗೋಡೆಗೆ ಸೇರಿಕೊಂಡೇ ಎದ್ದಿವೆ. ನಿಜವಾದ ಪರದೆ ನೋಡಬೇಕಾದರೆ ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ಹೋಗಿ. ಜಾನ್ ನ್ಯಾಶ್ 1820ರ ದಶಕದಲ್ಲಿ ಮಾಡಿದ ಕಂಬರ್‌ಲ್ಯಾಂಡ್ ಟೆರೇಸ್ ಅಲ್ಲಿದೆ. ಇಟ್ಟಿಗೆ ಗೋಡೆಗೆ ಗಾರೆ ಬಳಿದು ಕಲ್ಲಿನ ಹಾಗೆ ತೋರಿಸಿದ್ದಾರೆ. ಅದೂ ನನಗೆ ಇಷ್ಟವೇ, ಅದು ಬೇರೆ ಮಾತು.

ಬಿಸಿಲೂರು

ಸರ್, ನಿಮ್ಮ ಮಾತು ಒಪ್ಪುವ ಹಾಗಿದೆ, ಆದರೆ ಒಂದು ಮಾತು ಬಿಟ್ಟುಹೋಯಿತು ನೋಡ್ರಿ. ಆ ಮೂವತ್ತು ಜನ ಯಾರೂ ದೊರೆಗಳಲ್ಲ. ಬಾತ್‌ಗೆ ಬಿಸಿನೀರಿನ ಸ್ನಾನ, ಜೂಜು, ಮದುವೆ ಸಂಬಂಧ ಅಂತ ಸೀಸನ್ನಿಗೆ ಬರುವ ಹಣವಂತರಿಗೆ ಬಾಡಿಗೆಗೆ ಕೊಡಲು ಎಷ್ಟೋ ಮನೆಗಳು ಎದ್ದವು. ಒಂದು ಸೀಸನ್ನಿಗೆ ಬಾಡಿಗೆ ಕೊಟ್ಟವನು ಅರಮನೆಯಲ್ಲಿ ಇದ್ದೆ ಅಂತ ಊರಿಗೆ ಹೋಗಿ ಹೇಳಬಹುದು. ಆ ಠೀವಿ ಮಾರಾಟದ ಸರಕು. ಇದರಲ್ಲಿ ಕಲೆ ಎಷ್ಟು, ವ್ಯಾಪಾರ ಎಷ್ಟು?

ಹಳೇಲೆಕ್ಕ

ವ್ಯಾಪಾರದ ಮಾತು ಬಂತು, ಇನ್ನು ಸುಮ್ನೆ ಇರಲಾರೆ. ಬ್ಯಾಂಕಿನಲ್ಲಿ ಸಾಲದ ಕಡತ ನೋಡಿ ರಿಟೈರ್ ಆದವನು ನಾನು.

ಈ ಲೆಕ್ಕ ಮಗನದಲ್ಲ, ಅಪ್ಪನದು. ಹಿರಿಯ ಜಾನ್ ವುಡ್ 1728ರಲ್ಲಿ ಬಾತ್‌ನಲ್ಲೇ ಕ್ವೀನ್ ಸ್ಕ್ವೇರ್ ಎಂಬ, ಚೌಕದ ಸುತ್ತ ಮನೆಸಾಲುಗಳ ಯೋಜನೆ ಶುರು ಮಾಡಿದರು. ಜಮೀನು ರಾಬರ್ಟ್ ಗೇ ಎಂಬ ಸರ್ಜನ್‌ನದು. ವುಡ್ ಅದನ್ನು ಕೊಳ್ಳಲಿಲ್ಲ, 99 ವರ್ಷದ ಗುತ್ತಿಗೆಗೆ ಹಿಡಿದರು. ಸೈಟುಗಳಾಗಿ ತುಂಡು ಮಾಡಿ ಬಿಲ್ಡರುಗಳಿಗೆ ಮರುಗುತ್ತಿಗೆ ಕೊಟ್ಟರು. ಮುಖ ಮಾತ್ರ ನಾನು ಹೇಳಿದ ಹಾಗೇ ಇರಬೇಕು ಅಂತ ಷರತ್ತು. ಭೂಮಾಲೀಕನಿಗೆ ಕೊಡುವ ನೆಲಬಾಡಿಗೆಗೂ ಬಿಲ್ಡರುಗಳಿಂದ ಬರುವ ನೆಲಬಾಡಿಗೆಗೂ ನಡುವಿನ ವ್ಯತ್ಯಾಸ ವುಡ್ ಜೇಬಿಗೆ. ಮನೆ ಕಟ್ಟುವ ಬಂಡವಾಳ ಬಿಲ್ಡರುಗಳ ತಲೆಮೇಲೆ.

ಈಗ ಯೋಚಿಸಿ. ಬಂಡವಾಳ ಹತ್ತಾರು ಜನರದ್ದು. ಒಬ್ಬ ಅರ್ಧಕ್ಕೆ ಕೈ ಎತ್ತಿದರೆ ಸಾಲಿನ ನಡುವೆ ಹಲ್ಲು ಬಿದ್ದ ಹಾಗೆ ಖಾಲಿ ಜಾಗ. ಅದನ್ನು ತಡೆಯಲು ಆಕರ್ಷಣೆ ಬೇಕು. ಒಂಟಿ ಮನೆಗೆ ಇಲ್ಲದ ಬೆಲೆ ಅರಮನೆಯ ತುಂಡಿಗೆ ಇದೆ. ಪಕ್ಕದವನು ಚೆನ್ನಾಗಿ ಕಟ್ಟಿದರೆ ನನ್ನ ಮನೆಯ ಬೆಲೆಯೂ ಏರುತ್ತದೆ. ಆ ಕಂಬಗಳಲ್ಲಿ ಬಿಸಿಲೂರು ಅವರಿಗೆ ಠೀವಿ ಕಾಣುತ್ತದೆ, ನನಗೆ ಜಾಮೀನು ಕಾಣುತ್ತದೆ.

ಕುಡ್ಲದ_ಕಾಗೆ

ನೀವೆಲ್ಲ ದೊಡ್ಡ ದೊಡ್ಡ ಮಾತಾಡುತ್ತೀರಿ, ನನ್ನ ತಲೆಗೆ ಹೋದದ್ದು ಬೇರೆ ಮಾರಾಯ್ರೆ. ಮುಖ ಒಳಕ್ಕೆ ಬಾಗಿದೆ ಅಂದರೆ ಪ್ರತಿ ಸೈಟೂ ಮುಂದೆ ಕಿರಿದು, ಹಿಂದೆ ಅಗಲ. ಮೂವತ್ತಕ್ಕೆ ಮೂವತ್ತೂ ಗೋಮುಖ! ನಮ್ಮ ವಾಸ್ತು ಪಂಡಿತರು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ದಿಕ್ಸೂಚಿ ತೆಗೆದು ನೋಡಿ, ಮುಖ ದಕ್ಷಿಣಕ್ಕೆ ಅಂತ ಗೊತ್ತಾದ ಕೂಡಲೇ ಓಡುತ್ತಾರೆ.

ನಕ್ಷೆಪ್ರಿಯ

😄 ಗೋಮುಖ ಸರಿ, ಆದರೆ ಎಲ್ಲ ಮನೆಗೂ ಒಂದೇ ಪ್ರಮಾಣದಲ್ಲಿ ಅಲ್ಲ ಕಾಗೆಯವರೇ. ಅದು ಅರ್ಧ ವೃತ್ತ ಅಲ್ಲ, ಅರ್ಧ ದೀರ್ಘವೃತ್ತ. ನಡುವೆ ಬಾಗು ಕಡಿಮೆ, ಹೆಚ್ಚುಕಡಿಮೆ ನೇರ. ತುದಿಗೆ ಬಂದಂತೆ ಬಾಗು ಜಾಸ್ತಿ. ಹಾಗಾಗಿ ನಡುವಿನ ಮನೆಗಳು ಸಾಧಾರಣ ಸೈಟಿನ ಹಾಗೇ ಇವೆ. ತುದಿಯ ಮನೆಗಳು ಮಾತ್ರ ತಿರುಗಿ ಒಂದಕ್ಕೊಂದು ಎದುರಾಗುತ್ತವೆ.

ಕಣ್ಣಿಗೆ ಇದರ ಪರಿಣಾಮ ಗೊತ್ತಾಗುವುದು ನಡೆಯುವಾಗ. ತುದಿಯಲ್ಲಿ ನಿಂತರೆ ಕಂಬಗಳು ಒತ್ತೊತ್ತಾಗಿ, ಗೋಡೆಯೇ ಕಾಣದಷ್ಟು ಹತ್ತಿರ ಬಂದ ಹಾಗೆ ಕಾಣುತ್ತವೆ. ಮುಂದಕ್ಕೆ ನಡೆದಂತೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಕಂಬ ಎಲ್ಲ ಒಂದೇ ಅಳತೆ, ಅಡ್ಡಗಲ ಸುಮಾರು 76 ಸೆಂಟಿಮೀಟರ್. ಆದರೂ ಒಂದೇ ಕಟ್ಟಡ ಹೆಜ್ಜೆಗೊಂದು ಥರ ಕಾಣುತ್ತದೆ. ನೇರ ಸಾಲಿನಲ್ಲಿ ಇದು ಸಾಧ್ಯವಿಲ್ಲ. ಬ್ರಿಟನ್ನಿನಲ್ಲಿ ಈ ಆಕಾರದ ಸಾಲುಮನೆಗಳಿಗೆ ಇದೇ ಮೊದಲು. ಆಮೇಲೆ ಎಲ್ಲ ಊರಿನವರೂ ನಮಗೂ ಒಂದು ಕ್ರೆಸೆಂಟ್ ಬೇಕು ಅಂದರು.

ತುಂಗಾತೀರ

ಜಾಮೀನಿನ ಮಾತು ನನಗೆ ಹಿಡಿಸಿತು ಹಳೇಲೆಕ್ಕ ಸರ್. ಆದರೆ ಆ ಲೆಕ್ಕ ಎಲ್ಲ ಕ್ರೆಸೆಂಟಿಗೂ ಅನ್ವಯಿಸುತ್ತದೆ. ಇದೊಂದನ್ನೇ ಯಾಕೆ ಎಲ್ಲರೂ ಹೊಗಳುತ್ತಾರೆ? ಪಕ್ಕದಲ್ಲೇ ಸರ್ಕಸ್ ಅಂತ ವೃತ್ತಾಕಾರದ ಮನೆಸಾಲು ಇದೆ, ಅಲ್ಲಿನ ಕೆತ್ತನೆ ಇನ್ನೂ ಶ್ರೀಮಂತವಾಗಿದೆ. ನನಗೆ ಅದೇ ಜಾಸ್ತಿ ಇಷ್ಟವಾಯಿತು.

ನಕ್ಷೆಪ್ರಿಯ

ಅಕ್ಕ, ಅಲ್ಲೇ ಇರುವುದು ಗುಟ್ಟು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸರ್ಕಸ್ ಅಪ್ಪನ ಕನಸು. 1754ರಲ್ಲಿ ಕೆಲಸ ಶುರುವಾಯಿತು, ಅದೇ ವರ್ಷ ಹಿರಿಯ ವುಡ್ ತೀರಿಕೊಂಡರು. ಮಗ 1768ರ ಹೊತ್ತಿಗೆ ಮುಗಿಸಿದರು. 33 ಮನೆಗಳು, ಮೂರು ಬಾಗಿದ ತುಂಡುಗಳಾಗಿ ಸೇರಿ ಒಂದು ವೃತ್ತ. ಕೆಳಗಿನ ಅಂತಸ್ತಿಗೆ ಸಾದಾ ತಲೆಯ ಡೋರಿಕ್ ಕಂಬ, ನಡುವೆ ಅಯಾನಿಕ್, ಮೇಲೆ ಎಲೆ ಕೆತ್ತಿದ ಕೊರಿಂಥಿಯನ್. ಎಲ್ಲ ಜೋಡಿ ಜೋಡಿ. ಡೋರಿಕ್ ಕಂಬಗಳ ಮೇಲಿನ ಪಟ್ಟಿಯಲ್ಲಿ ಹಾವು, ಹಡಗಿನ ಸಾಮಾನು, ಕಲೆ ವಿಜ್ಞಾನದ ಗುರುತುಗಳು ಅಂತ ನೂರಾರು ಚಿಕ್ಕ ಕೆತ್ತನೆ. ತಲೆಯ ಮೇಲೆ ಕಲ್ಲಿನ ಓಕ್ ಕಾಯಿಗಳು. ಅಪ್ಪನಿಗೆ ಹಳೆಯ ಬ್ರಿಟನ್ನಿನ ಡ್ರೂಯಿಡ್ ಪೂಜಾರಿಗಳ ಹುಚ್ಚಿತ್ತು. ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುಗಳ ವೃತ್ತವನ್ನು ಅಳೆದು ಬಂದ ಮನುಷ್ಯ. ಗೊತ್ತಿದ್ದದ್ದನ್ನೆಲ್ಲ ಆ ಗೋಡೆಗೆ ಹೇರಿದ್ದಾರೆ.

ಮಗ ಏನು ಮಾಡಿದರು ನೋಡಿ. ಕೆಳಗಿನ ಅಂತಸ್ತಿಗೆ ಅಲಂಕಾರವೇ ಇಲ್ಲ. ಬರೀ ನುಣುಪು ಕಲ್ಲು, ಅದರಲ್ಲಿ ಬಾಗಿಲು, ಕಿಟಕಿ. ಅದರ ಮೇಲೆ ಒಂದೇ ಜಾತಿಯ ಕಂಬ, ಎರಡು ಅಂತಸ್ತಿಗೂ ಸೇರಿಸಿ ಒಂದೇ ಎತ್ತರ. ಕಿಟಕಿಗಳಿಗೆ ಸುತ್ತಲೂ ಚೌಕಟ್ಟಿನ ಕೆತ್ತನೆ ಇಲ್ಲ, ಗೋಡೆಯಲ್ಲಿ ಕತ್ತರಿಸಿದ ತೂತಿನ ಹಾಗೆ ಇವೆ. ತೊಲೆಪಟ್ಟಿ ಈ ತುದಿಯಿಂದ ಆ ತುದಿಗೆ ಓಡುತ್ತದೆ. ನಡುವೆ ದೊಡ್ಡ ತ್ರಿಕೋನ ಮುಕುಟ ಇರಬೇಕಿತ್ತು, ಅಪ್ಪ ಕ್ವೀನ್ ಸ್ಕ್ವೇರಿನ ಉತ್ತರದ ಸಾಲಿಗೆ ಇಟ್ಟಿದ್ದ ಹಾಗೆ. ಮಗ ಅದನ್ನೂ ಕೈಬಿಟ್ಟರು. ನಡುವಿನ ಮನೆಗೆ ಜೋಡಿ ಕಂಬ, ಒಂದು ಕಮಾನು ಕಿಟಕಿ. ಅಷ್ಟೇ ಗೌರವ.

ಇಷ್ಟೆಲ್ಲ ತೆಗೆದದ್ದಕ್ಕೆ ಕಾರಣ ಇದೆ. ಸರ್ಕಸ್ ಒಳಗೆ ನಿಂತವನಿಗೆ ಸುತ್ತಲೂ ಮನೆಗಳೇ, ಗೋಡೆ ತುಂಬಾ ಹತ್ತಿರ. ಸಣ್ಣ ಕೆತ್ತನೆ ಓದಲು ಆಗುತ್ತದೆ. ಕ್ರೆಸೆಂಟ್ ಎದುರಿಗೆ ಇಳಿಜಾರು, ಹುಲ್ಲು, ದೂರದ ಗುಡ್ಡ. ಅದನ್ನು ಕೆಳಗಿನ ಬಯಲಿನಿಂದ ನೋಡಬೇಕು. ಅಷ್ಟು ದೂರಕ್ಕೆ ಹಾವಿನ ಕೆತ್ತನೆ ಯಾರಿಗೆ ಕಾಣುತ್ತದೆ? ದಪ್ಪ ಕಂಬದ ನೆರಳು ಕಾಣುತ್ತದೆ. ದಕ್ಷಿಣದ ಬಿಸಿಲಿಗೆ ಆ ನೆರಳೇ ಕಟ್ಟಡದ ಅಲಂಕಾರ. ನನ್ನ ಮಟ್ಟಿಗೆ ಮಗ ಅಪ್ಪನಿಗಿಂತ ದೊಡ್ಡ ವಾಸ್ತುಶಿಲ್ಪಿ. ಜಗಳಕ್ಕೆ ತಯಾರಿದ್ದೇನೆ.

ಏವನ್_ದಂಡೆ

ಜಗಳ ಬೇಡ ತಮ್ಮಾ, ನಾನೂ ನಿನ್ನ ಕಡೆಯೇ. ಈ ಊರ ಹತ್ತಿರ ಬಹಳ ವರ್ಷದಿಂದ ಇದ್ದೇನೆ. ನೆಂಟರು ಬಂದಾಗಲೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ನಾನು ಯಾವಾಗಲೂ ಸರ್ಕಸ್ ಕಡೆಯಿಂದಲೇ ಕರೆದೊಯ್ಯುತ್ತೇನೆ. ಎರಡನ್ನೂ ಸೇರಿಸುವುದು ಬ್ರಾಕ್ ಸ್ಟ್ರೀಟ್. ಮಗ ವುಡ್ ಅವರದೇ ಯೋಜನೆ, 1760ರ ದಶಕದ್ದು. ಬೇಕಂತಲೇ ಸಾದಾ ಬೀದಿ. ಅದರ ಕೊನೆ ಮುಟ್ಟುವ ತನಕ ಕ್ರೆಸೆಂಟ್ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಒಮ್ಮೆಲೇ ಆ ಬಯಲು, ಆ ಕಂಬಗಳು. ಕಾರಿನಲ್ಲಿ ಕೆಳಗಿನಿಂದ ಬಂದವರಿಗೆ ಇದು ಸಿಗುವುದಿಲ್ಲ.

ಹುಲ್ಲಿನ ವಿಷಯದಲ್ಲೂ ಒಂದು ಜಾಣತನ ಇದೆ. ಮೇಲಿನ ಹುಲ್ಲುಹಾಸು ಅಲ್ಲಿನ ನಿವಾಸಿಗಳದ್ದು, ಕೆಳಗಿನದು ಈಗ ಸಾರ್ವಜನಿಕ ಪಾರ್ಕು. ನಡುವೆ ಬೇಲಿ ಕಾಣುವುದಿಲ್ಲ. ಹಾ-ಹಾ ಅಂತ ಕರೆಯುವ ಒಂದು ಕಂದಕ ಇದೆ. ಒಂದು ಬದಿಗೆ ನೆಟ್ಟಗಿನ ಗೋಡೆ, ಇನ್ನೊಂದು ಬದಿಗೆ ಇಳಿಜಾರು. ಮನೆಯ ಕಿಟಕಿಯಿಂದ ನೋಡಿದರೆ ಹುಲ್ಲು ಒಂದೇ ಸಮನೆ ಹರಡಿದ ಹಾಗೆ. ಕೆಳಗೆ ಮೇಯುವ ದನ ಕುರಿ ಕಾಣಬೇಕು, ಆದರೆ ಮೇಲೆ ಹತ್ತಿ ಬರಬಾರದು. ಹಳ್ಳಿಯ ದೊಡ್ಡ ಬಂಗಲೆಗಳ ಉಪಾಯ ಅದು. ಊರ ನಡುವಿನ ಸಾಲುಮನೆಗೆ ತಂದು ಕೂರಿಸಿದ್ದಾರೆ.

ಇನ್ನು ತುಂಗಾತೀರ, ನೀವು ಹಿಂದೆ ನೋಡಿ ಬೇಜಾರಾದಿರಿ. ಇಲ್ಲಿನ ಜನ ಅದನ್ನು ರಾಣಿ ಆ್ಯನ್ ಮುಖ, ಮೇರಿ ಆ್ಯನ್ ಬೆನ್ನು, ಅಂದರೆ ಮುಂದೆ ರಾಣಿ, ಹಿಂದೆ ಸಾಮಾನ್ಯ ಹೆಂಗಸು ಅಂತ ನಗುತ್ತಲೇ ಹೇಳುತ್ತಾರೆ. ಮುಚ್ಚಿಟ್ಟ ವಿಷಯ ಏನಲ್ಲ. ಆದರೆ ಮುಂದೆಯೂ ಎಲ್ಲ ಒಂದೇ ಥರ ಇಲ್ಲ. ಕಿಟಕಿಗಳನ್ನು ಸರಿಯಾಗಿ ನೋಡಿದಿರಾ?

ತುಂಗಾತೀರ

ಇಲ್ಲ ಅಕ್ಕ, ಕಂಬದ ಮೇಲೆಯೇ ಕಣ್ಣಿತ್ತು. ಏನಿದೆ ಕಿಟಕಿಯಲ್ಲಿ?

ಏವನ್_ದಂಡೆ

ಮೊದಲನೇ ಮಹಡಿ ನೋಡಿ. ಸಾಲಿನ ತುದಿಯ ನಂ. 1 ಮನೆಯ ಕಿಟಕಿ ಗಿಡ್ಡ, ಸಣ್ಣ ಸಣ್ಣ ಗಾಜು, ನಡುವೆ ಮರದ ದಪ್ಪ ಪಟ್ಟಿ. ಸಾಲಿನಲ್ಲಿ ಮುಂದಕ್ಕೆ ಹೋದರೆ ಎಷ್ಟೋ ಮನೆಗಳ ಕಿಟಕಿ ನೆಲದ ಹತ್ತಿರಕ್ಕೆ ಇಳಿದಿವೆ. 19ನೇ ಶತಮಾನದಲ್ಲಿ ಉದ್ದ ಕಿಟಕಿಯ ಫ್ಯಾಷನ್ ಬಂತು. ಮಾಲೀಕರು ಕಿಟಕಿಯ ಕೆಳಗಿನ ಕಲ್ಲು ಕಡಿದು ಉದ್ದ ಮಾಡಿಕೊಂಡರು. ದೊಡ್ಡ ಗಾಜು ಅಗ್ಗವಾದ ಮೇಲೆ ಮರದ ಪಟ್ಟಿಗಳನ್ನೂ ಕಿತ್ತರು. ನಂ. 1 ಈಗ ಮ್ಯೂಸಿಯಂ. ಅದನ್ನು ವಾಸ್ತುಶಿಲ್ಪಿ ಫಿಲಿಪ್ ಜೆಬ್ ಸರಿಮಾಡಿದಾಗ ಮತ್ತೆ ಹಳೆಯ ಎತ್ತರಕ್ಕೆ ತಂದರು. ಹಾಗಾಗಿ ಸಾಲಿನ ತುದಿಯಲ್ಲಿ ಒಂದು ಅಳತೆಗೋಲು ಇದೆ. ಅದನ್ನು ನೋಡಿಕೊಂಡು ಮುಂದೆ ನಡೆದರೆ ಯಾರು ಏನು ಬದಲಾಯಿಸಿದರು ಅಂತ ಓದಬಹುದು.

ಬಿಸಿಲೂರು

ಅಂದ್ರೆ ಮುಖ ಮುಟ್ಟಬಾರದು ಅನ್ನುವ ಷರತ್ತು ನೂರು ವರ್ಷಕ್ಕೇ ಹಾರಿಹೋಯಿತು ಅನ್ರಿ.

ಹಳೇಲೆಕ್ಕ

ಹಾಗಲ್ಲ. ಕಂಬ, ತೊಲೆಪಟ್ಟಿ ಯಾರೂ ಮುಟ್ಟಲಿಲ್ಲ, ಗಮನಿಸಿ. ಎಲ್ಲರ ಬೆಲೆ ನಿಂತಿರುವುದು ಅದರ ಮೇಲೆ. ಕಿಟಕಿ ನನ್ನ ಡ್ರಾಯಿಂಗ್ ರೂಮಿನ ಬೆಳಕು, ನನ್ನ ಸ್ವಂತ ವಿಷಯ. ಜನ ತಾವಾಗಿಯೇ ಗೆರೆ ಎಲ್ಲಿ ಎಳೆದರು ಅನ್ನುವುದು ಇದರಲ್ಲೇ ಕಾಣುತ್ತದೆ.

ಕುಡ್ಲದ_ಕಾಗೆ

ಹಳದಿ ಬಾಗಿಲಿನ ಕಥೆ ಯಾರೂ ಹೇಳುವುದಿಲ್ಲವಾ? ಅದಕ್ಕೇ ಕಾಯುತ್ತಾ ಕೂತಿದ್ದೇನೆ.

ಏವನ್_ದಂಡೆ

ಹೇಳುತ್ತೇನೆ ಹೇಳುತ್ತೇನೆ. ಕ್ರೆಸೆಂಟಿನ ಬಾಗಿಲುಗಳಿಗೆ ಬಿಳಿ ಬಣ್ಣ ವಾಡಿಕೆ. 1970ರ ದಶಕದ ಆರಂಭದಲ್ಲಿ ನಂ. 22ರಲ್ಲಿದ್ದ ಮಿಸ್ ವೆಲ್ಸ್ಲಿ-ಕಾಲಿ ಎಂಬ ಮಹಿಳೆ ತಮ್ಮ ಬಾಗಿಲಿಗೆ ಹಳದಿ ಬಳಿಸಿದರು. ವಾಟರ್ಲೂ ಯುದ್ಧದ ಡ್ಯೂಕ್ ಆಫ್ ವೆಲಿಂಗ್ಟನ್ ವಂಶದ ಕಡೆಯವರು. ನಗರಸಭೆ ತೆಗೆಯಿರಿ ಅಂತ ನೋಟಿಸು ಕೊಟ್ಟಿತು. ಅವರು ಒಪ್ಪಲಿಲ್ಲ. ವಿಷಯ ವಿಚಾರಣೆಗೆ ಹೋಗಿ, ಮಂತ್ರಿಯವರೆಗೂ ಹೋಗಿ, ಕೊನೆಗೆ ಹಳದಿ ಇರಲಿ ಅಂತ ತೀರ್ಪಾಯಿತು.

ನನ್ನ ಜೊತೆ ಬಂದವರಲ್ಲಿ ಅರ್ಧ ಜನ ಕಂಬ ಬಿಟ್ಟು ಆ ಬಾಗಿಲಿನ ಫೋಟೋ ತೆಗೆಯುತ್ತಾರೆ.

ಸುಣ್ಣಗಾರೆ

ನಗರಸಭೆಯ ನೋಟಿಸಿನ ಬಗ್ಗೆ ನನ್ನದೊಂದು ಮಾತು. ಬಾಗಿಲು ಹಳದಿಯಾದರೆ ನಾಳೆ ಮತ್ತೆ ಬಿಳಿ ಬಳಿಯಬಹುದು, ಕಲ್ಲಿಗೆ ಏನೂ ಆಗುವುದಿಲ್ಲ. ನನಗೆ ಹೆದರಿಕೆ ಇರುವುದು ಮರಳಿ ತರಲಾಗದ ಬದಲಾವಣೆಗಳ ಬಗ್ಗೆ. ಕಲ್ಲಿನ ಮಾತು ಇಲ್ಲಿ ಯಾರೂ ಎತ್ತಿಲ್ಲ, ಅದನ್ನು ಹೇಳದೆ ಈ ಕಟ್ಟಡ ಅರ್ಥವಾಗುವುದಿಲ್ಲ.

ಅದು ಬಾತ್ ಕಲ್ಲು, ಒಂದು ಜಾತಿಯ ಸುಣ್ಣಕಲ್ಲು. ಜೇನಿನ ಬಣ್ಣ. ಹತ್ತಿರದ ಕೂಂಬ್ ಡೌನ್ ಗುಡ್ಡದ ಗಣಿಗಳಿಗೆ ಹೆಸರು ತಂದವರು ರಾಲ್ಫ್ ಆಲನ್. 1730ರ ದಶಕದಲ್ಲಿ ಗಣಿಯಿಂದ ನದಿಗೆ ಮರದ ಹಳಿ ಹಾಕಿ ಬಂಡಿಯಲ್ಲಿ ಕಲ್ಲು ಇಳಿಸಿದರು. ಸಾಗಣೆ ಅಗ್ಗವಾಯಿತು, ಊರಿಗೆ ಊರೇ ಒಂದೇ ಬಣ್ಣಕ್ಕೆ ಬಂತು. ಈ ಕಲ್ಲು ಗಣಿಯಿಂದ ತೆಗೆದಾಗ ತೇವ ಇರುತ್ತದೆ, ಮೆತ್ತಗಿರುತ್ತದೆ. ಗರಗಸದಲ್ಲಿ ಯಾವ ದಿಕ್ಕಿಗೆ ಬೇಕಾದರೂ ಕೊಯ್ಯಬಹುದು. ಒಣಗಿದ ಮೇಲೆ ಗಟ್ಟಿಯಾಗುತ್ತದೆ. 114 ಕಂಬದ ಬೋದಿಗೆಗಳಿಗೆ, ಅಂದರೆ ತಲೆಭಾಗಕ್ಕೆ, ಆ ಸುರುಳಿ ಕೆತ್ತಬೇಕಾದರೆ ಇಂಥ ಕಲ್ಲು ಬೇಕು. ಗ್ರಾನೈಟಿನಲ್ಲಿ ಮಾಡಲು ಹೊರಟಿದ್ದರೆ ಮೂವತ್ತೂ ಬಿಲ್ಡರುಗಳು ದಿವಾಳಿ.

ಕೊಯ್ಯುವಾಗ ಯಾವ ದಿಕ್ಕಾದರೂ ಆಗಬಹುದು, ಕೂರಿಸುವಾಗ ಹಾಗಲ್ಲ. ನೆಲದೊಳಗೆ ಯಾವ ಮಗ್ಗುಲಲ್ಲಿ ಮಲಗಿತ್ತೋ ಗೋಡೆಯಲ್ಲೂ ಅದೇ ಮಗ್ಗುಲಲ್ಲಿ ಮಲಗಿಸಬೇಕು. ನೆಟ್ಟಗೆ ನಿಲ್ಲಿಸಿದರೆ ಕಾಲ ಕಳೆದಂತೆ ಪದರ ಪದರವಾಗಿ ಏಳುತ್ತದೆ.

ಮತ್ತೊಂದು ಶತ್ರು ಕಲ್ಲಿದ್ದಲ ಹೊಗೆ. ಹೊಗೆಯ ಗಂಧಕ ಸುಣ್ಣಕಲ್ಲಿನ ಜೊತೆ ಸೇರಿ ಮೇಲ್ಮೈಯನ್ನು ಜಿಪ್ಸಂ ಮಾಡುತ್ತದೆ, ಅದರೊಳಗೆ ಮಸಿ ಸಿಕ್ಕಿಕೊಳ್ಳುತ್ತದೆ. ಮಳೆ ಬೀಳುವ ಜಾಗ ತೊಳೆದುಹೋಗಿ ಬೆಳ್ಳಗಿರುತ್ತದೆ, ಅಂಚಿನ ಅಡಿ, ಬೋದಿಗೆಯ ಕೆಳಗೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಹಳೆಯ ಫೋಟೋಗಳಲ್ಲಿ ಬಾತ್ ಊರು ಕಪ್ಪಗಿತ್ತು. ಆಮೇಲೆ ತೊಳೆದದ್ದು. ಆದರೆ ತೊಳೆಯುವುದೂ ಮನೆಯವರ ಜವಾಬ್ದಾರಿ. ಹಾಗಾಗಿ ಒಂದು ಮನೆ ಬೆಳ್ಳಗೆ, ಪಕ್ಕದ್ದು ಮಸುಕು. ಒಂದೇ ಕಟ್ಟಡ ಅನ್ನುವ ಭ್ರಮೆ ಒಡೆಯುವುದು ಅಲ್ಲಿ. ನಡುಗೋಡೆ ಎಲ್ಲಿದೆ ಅಂತ ಕೊಳೆಯೇ ಗೆರೆ ಹಾಕಿ ತೋರಿಸುತ್ತದೆ.

ಇನ್ನೊಂದು, ಇದು ನನ್ನ ಹಳೆಯ ಸಿಟ್ಟು. ಮೆತ್ತನೆ ಕಲ್ಲಿನ ಸಂದಿಗೆ ಸಿಮೆಂಟ್ ತುಂಬುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸುಣ್ಣದ ಗಾರೆಯಾದರೆ ತೇವ ಸಂದಿಯಿಂದ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ, ತೇವ ಕಲ್ಲಿನ ಮೂಲಕವೇ ಹೊರಗೆ ಬರಬೇಕು, ಕಲ್ಲು ಉದುರುತ್ತದೆ, ಸಿಮೆಂಟ್ ಮಾತ್ರ ಎಲುಬಿನ ಹಾಗೆ ಉಳಿಯುತ್ತದೆ. ಇದನ್ನು ಎಷ್ಟು ಕಡೆ ಹೇಳಿ ಹೇಳಿ ಸಾಕಾಗಿದೆಯೋ.

ಮಳೆಗಾಲ_ಬಾಡಿಗೆದಾರ

ಹೊಸಬ, ಒಂದು ಸಾದಾ ಪ್ರಶ್ನೆ. ಅಲ್ಲಿ ಈಗಲೂ ಜನ ವಾಸ ಇದ್ದಾರಾ? ಚಳಿಗೆ ಏನು ಮಾಡುತ್ತಾರೆ? ಮಳೆ ಸೋರುವುದಿಲ್ಲವಾ? ಚಾವಣಿಯೇ ಕಾಣುವುದಿಲ್ಲ ಫೋಟೋದಲ್ಲಿ.

ಏವನ್_ದಂಡೆ

ಇದ್ದಾರೆ. ನಡುವಿನದು ಹೋಟೆಲ್, ನಂ. 1 ಮ್ಯೂಸಿಯಂ. ಉಳಿದವುಗಳಲ್ಲಿ ಹೆಚ್ಚಿನವು ಫ್ಲ್ಯಾಟುಗಳಾಗಿವೆ, ಕೆಲವು ಇನ್ನೂ ಇಡೀ ಮನೆ. ಗ್ರೇಡ್ 1 ಪಟ್ಟಿಯಲ್ಲಿರುವ, ಅಂದರೆ ಕಾನೂನಿನ ರಕ್ಷಣೆಯಲ್ಲಿ ಅತಿ ಮೇಲಿನ ದರ್ಜೆಯ ಕಟ್ಟಡ. ಹೊರಗೆ ಮಾತ್ರ ಅಲ್ಲ, ಒಳಗೂ ಗೋಡೆ ಒಡೆಯಬೇಕಾದರೆ ಒಪ್ಪಿಗೆ ಬೇಕು. ಚಳಿಗೆ ಹಳೆಯ ಉಪಾಯವೇ. ಕಿಟಕಿಯ ಪಕ್ಕದ ಗೋಡೆಯೊಳಗೆ ಮಡಚಿಟ್ಟ ಮರದ ಬಾಗಿಲುಗಳಿವೆ, ರಾತ್ರಿ ಎಳೆದು ಮುಚ್ಚುವುದು. ಒಳಗಡೆ ಇನ್ನೊಂದು ತೆಳು ಗಾಜಿನ ಕಿಟಕಿ ಹಾಕಿಸಿಕೊಂಡವರೂ ಇದ್ದಾರೆ.

ಸುಣ್ಣಗಾರೆ

ಚಾವಣಿ ಪ್ಯಾರಾಪೆಟ್ ಹಿಂದೆ ಅಡಗಿದೆ. ಆ ಕಾಲದ ಇಂಥ ಮನೆಗಳಿಗೆ ಸಾಮಾನ್ಯವಾಗಿ ಎರಡು ಇಳಿಜಾರು ಚಾವಣಿ ಪಕ್ಕಪಕ್ಕ ಇರುತ್ತವೆ, ನಡುವೆ ಸೀಸದ ತಗಡಿನ ಕಣಿವೆ. ಒಂದೇ ದೊಡ್ಡ ಚಾವಣಿ ಹಾಕಿದರೆ ಎತ್ತರ ಹೋಗಿ ಕೆಳಗಿನಿಂದ ಕಾಣುತ್ತದೆ, ಅರಮನೆಯ ಗೆರೆ ಹಾಳಾಗುತ್ತದೆ. ಕಣಿವೆಗೆ ಎಲೆ ಬಿದ್ದು ಕಟ್ಟಿಕೊಂಡರೆ ನೀರು ನೇರ ಮನೆಯೊಳಗೆ. ಅಂದದ ಬಾಡಿಗೆ ವರ್ಷಾ ವರ್ಷಾ ಕಟ್ಟಬೇಕು.

ತುಂಗಾತೀರ

ಎಲ್ಲ ಓದಿದ ಮೇಲೂ ಒಂದು ಅನುಮಾನ ಉಳಿದಿದೆ. ಷರತ್ತು, ಜಾಮೀನು, ಒಪ್ಪಂದ ಸರಿ. ಈ ಪದ್ಧತಿ ಎಡವಿದ ಉದಾಹರಣೆ ಇಲ್ಲವಾ? ಎಲ್ಲ ಸರಿಹೋಗಿದ್ದನ್ನು ಮಾತ್ರ ನೋಡಿ ಹೊಗಳುವುದು ಸುಲಭ.

ಹಳೇಲೆಕ್ಕ

ಅದೇ ಊರಿನಲ್ಲಿ ಇದೆ. ಕ್ಯಾಮ್ಡನ್ ಕ್ರೆಸೆಂಟ್. ಜಾನ್ ಎವೆಲೀ ಅವರ ನಕ್ಷೆ, 1788ರ ಸುಮಾರಿಗೆ ಶುರು. ಗುಡ್ಡದ ಓರೆಯಲ್ಲಿ ಕಟ್ಟಲು ಹೋದರು. ಪೂರ್ವದ ತುದಿಯಲ್ಲಿ ನೆಲ ಜಾರಿತು. ಆ ಬದಿಯ ಮನೆಗಳು ಪೂರ್ತಿಯಾಗಲೇ ಇಲ್ಲ. ನಡುವೆ ಇರಬೇಕಾದ ತ್ರಿಕೋನ ಮುಕುಟ ಈಗ ಒಂದು ಬದಿಗೆ ಸರಿದ ಹಾಗೆ ಕಾಣುತ್ತದೆ. ಅದು ಇದ್ದಲ್ಲೇ ಇದೆ, ಸಾಲೇ ಅರ್ಧಕ್ಕೆ ನಿಂತಿದೆ.

ನೆಲ ಜಾರದಿದ್ದರೂ ದುಡ್ಡು ಜಾರಿತು. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಬ್ಯಾಂಕುಗಳು ಬಿದ್ದವು. ಬಾತ್‌ನ ಬ್ಯಾಂಕೂ ಮುಳುಗಿತು. ಕಟ್ಟುತ್ತಿದ್ದ ಸಾಲುಗಳು ಅಲ್ಲಲ್ಲೇ ನಿಂತವು, ಬಿಲ್ಡರುಗಳು ದಿವಾಳಿಯಾದರು. ವುಡ್ ಅವರ ಕ್ರೆಸೆಂಟ್ ಅದಕ್ಕೆ ಎರಡು ದಶಕ ಮೊದಲೇ ಮುಗಿದಿತ್ತು. ಜಾಣತನ ಎಷ್ಟಿತ್ತೋ ಅದೃಷ್ಟವೂ ಅಷ್ಟೇ ಇತ್ತು.

ನಕ್ಷೆಪ್ರಿಯ

ಕ್ಯಾಮ್ಡನ್ ಮುಕುಟದ ಅಡಿಗೆ ಐದು ಕಂಬ ಇಟ್ಟಿದ್ದಾರೆ, ಲೆಕ್ಕ ಹಾಕಿ ನೋಡಿ. ಅಂದರೆ ನಟ್ಟನಡುವೆ ಕಂಬ ಬರುತ್ತದೆ. ಗ್ರೀಕ್-ರೋಮನ್ ಕಟ್ಟಡಶಾಸ್ತ್ರದ ಪ್ರಕಾರ ನಡುವೆ ಖಾಲಿ ಇರಬೇಕು, ಬಾಗಿಲೋ ಕಿಟಕಿಯೋ ಬರಬೇಕು. ನೆಲ ಜಾರುವ ಮೊದಲೇ ನಕ್ಷೆ ಎಡವಿತ್ತು. ವುಡ್ ನಡುವೆ ಕಮಾನು ಕಿಟಕಿ ಇಟ್ಟು ಎರಡೂ ಕಡೆ ಜೋಡಿ ಕಂಬ ಯಾಕೆ ಇಟ್ಟರು ಅಂತ ಇದನ್ನು ನೋಡಿದ ಮೇಲೆ ನನಗೆ ಅರ್ಥವಾದದ್ದು.

ತುಂಗಾತೀರ

ಸರಿ, ಪರದೆ ಅನ್ನುವ ಮಾತು ವಾಪಸ್. ಆದರೆ ಹಿಂಭಾಗವೇ ನನಗೆ ಈಗ ಜಾಸ್ತಿ ಕುತೂಹಲ. ಮೂವತ್ತು ಜನ ಮನಸ್ಸಿಗೆ ಬಂದಂತೆ ಕಟ್ಟಿದ್ದು ಅಲ್ಲಿದೆ. ಅದರ ಬಗ್ಗೆ ಯಾಕೆ ಯಾರೂ ಪೋಸ್ಟ್‌ಕಾರ್ಡ್ ಮಾಡುವುದಿಲ್ಲ?

ಬಿಸಿಲೂರು

ಹಿಂದೆ ನೋಡುವುದಾದರೆ ಕೆಳಗೂ ನೋಡ್ರಿ. ಯಾರೂ ಹೇಳಲಿಲ್ಲ ಅಂತ ನಾನೇ ಹೇಳುತ್ತೇನೆ. ಎಲ್ಲ ಮಹಡಿಗೂ ಒಂದು ಜಾತಿ ಇದೆ. ಮೊದಲನೇ ಮಹಡಿ ಅತಿಥಿಗಳಿಗೆ, ಅದಕ್ಕೇ ಕಂಬ ಅಲ್ಲಿಂದ ಏಳುತ್ತದೆ. ಅದರ ಮೇಲೆ ಮಲಗುವ ಕೋಣೆ. ತುತ್ತತುದಿಯ ಗೂಡಿನಲ್ಲಿ ಆಳುಗಳು. ನೆಲದ ಕೆಳಗೆ ಅಡುಗೆಮನೆ. ಬೀದಿಯ ಅಡಿಗೆ ಕಮಾನು ಕಟ್ಟಿ ಕಲ್ಲಿದ್ದಲು ತುಂಬಿದ್ದಾರೆ. ನುಣುಪು ಕಲ್ಲಿನ ಮುಖದಲ್ಲಿ ಇವು ಯಾವುವೂ ಕಾಣುವುದಿಲ್ಲ. ಮನೆ ನಡೆಸಿದವರೇ ಮುಖದಲ್ಲಿ ಇಲ್ಲ ಅಂದ್ರೆ ನಾನು ಹೇಗೆ ಪೂರ್ತಿ ಮೆಚ್ಚಲಿ?

ಏವನ್_ದಂಡೆ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ ಅಣ್ಣ. ಅದಕ್ಕೇ ನಂ. 1ರ ಮ್ಯೂಸಿಯಂನಲ್ಲಿ ಮೇಲಿನ ಕೋಣೆಗಳನ್ನು ಬೇಗ ಮುಗಿಸಿ ಕೆಳಗೆ ಇಳಿಯಿರಿ ಅನ್ನುತ್ತೇನೆ. 1776ರಿಂದ ಆ ಮನೆಯಲ್ಲಿ ಇದ್ದವರು ಹೆನ್ರಿ ಸ್ಯಾಂಡ್‌ಫರ್ಡ್, ಐರ್ಲೆಂಡಿನ ನಿವೃತ್ತ ಸಂಸದ. ಆಳುಗಳ ಭಾಗ ಬಹಳ ಕಾಲ ಬೇರೆ ಮನೆಯಾಗಿ ಹೋಗಿತ್ತು, 1ಎ ಅಂತ. ಈಗ ಮತ್ತೆ ಸೇರಿಸಿದ್ದಾರೆ. ಅಡುಗೆಮನೆಯ ಗೋಡೆಯ ಮೇಲೆ ಒಂದು ಮರದ ಚಕ್ರ ಇದೆ. ಅದರೊಳಗೆ ನಾಯಿಯನ್ನು ಬಿಡುತ್ತಿದ್ದರು. ನಾಯಿ ಓಡಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಒಲೆಯ ಮುಂದೆ ಮಾಂಸದ ಕಂಬಿ ತಿರುಗುತ್ತದೆ. ಬೆಂಕಿಯ ಪಕ್ಕದಲ್ಲಿ, ಗಂಟೆಗಟ್ಟಲೆ.

ಕುಡ್ಲದ_ಕಾಗೆ

ನಾಯಿಗೂ ಮೊದಲನೇ ಮಹಡಿಗೆ ಪ್ರವೇಶ ಇರಲಿಲ್ಲ ಅಂತಾಯ್ತು.

ತುಂಗಾತೀರ

ಮುಂದಿನ ಸಲ ನಂ. 1ರ ಅಡುಗೆಮನೆ, ಆಮೇಲೆ ಹಿಂಭಾಗ, ಆಮೇಲೆ ಕ್ಯಾಮ್ಡನ್. ಕ್ಯಾಮ್ಡನ್‌ಗೆ ನಡೆದು ಹೋಗಬಹುದಾ ಅಕ್ಕ?

ಏವನ್_ದಂಡೆ

ಹೋಗಬಹುದು, ಏರು ಮಾತ್ರ ಜಾಸ್ತಿ. ಒಳ್ಳೆಯ ಶೂ ಹಾಕಿಕೊಂಡು ಬನ್ನಿ. ಬರುವ ಮುಂಚೆ ಇಲ್ಲೇ ಒಂದು ಮಾತು ಹೇಳಿ, ನಾನೂ ಬರುತ್ತೇನೆ.